ಕಿನ್ನರಕಥೆಗಳ ಚಿತ್ರಗಳು

ಕಥೆಗೆ ಚಿತ್ರ ಬೇಕೆ? ಈ ವಿಷಯದಲ್ಲಿ ಎರಡು ಅಭಿಪ್ರಾಯಗಳುಂಟು. ಚಿತ್ರವನ್ನು ಕಂಡ ಮಗುವಿನ ಮನಸ್ಸು ಅದಕ್ಕೇ ಕಟ್ಟುಬಿದ್ದು, ತಾನಾಗಿ ಕಲ್ಪಿಸಿಕೊಳ್ಳುವ ಶಕ್ತಿ ಕುಗ್ಗುವುದೆಂದು ಕೆಲವರ ವಾದ. ಚಿತ್ರವೇ ಕಲ್ಪನೆಯ ಮೊದಲ ಮೆಟ್ಟಿಲೆಂದು ಇನ್ನು ಕೆಲವರ ವಾದ. ಯೂರೋಪಿನ ಕಿನ್ನರಕಥೆಗಳಿಗೆ ನೂರು, ನೂರೈವತ್ತು ವರ್ಷಗಳ ಹಿಂದೆ ಬರೆದ ಚಿತ್ರಗಳು ಇಂದಿಗೂ ಜನರನ್ನು ಸೆಳೆಯುತ್ತಿವೆ. ಈ ಸೆಳೆತದ ಕಾರಣವನ್ನು ಪರಿಶೀಲಿಸಿದರೆ ಮೇಲಿನ ವಿವಾದಕ್ಕೂ ಉತ್ತರ ದೊರೆಯಬಹುದು.

ಜರ್ಮನಿಯ ಗ್ರಿಮ್ ಸೋದರರು 1812ರಲ್ಲಿ ತಮ್ಮ ಕಥಾಸಂಗ್ರಹದ ಮೊದಲ ಸಂಪುಟವನ್ನು ಹೊರತಂದಾಗ ಅದರಲ್ಲಿ ಚಿತ್ರಗಳಿರಲಿಲ್ಲ, ಪಾಂಡಿತ್ಯದ ಟಿಪ್ಪಣಿಗಳಿದ್ದುವು. 1823ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಇಂಗ್ಲಿಷ್ ಅನುವಾದಕ್ಕೆ ಜಾರ್ಜ್ ಕ್ರೂಕ್‌ಶ್ಯಾಂಕ್ ವಿನೋದಭರಿತವಾದ ಚಿತ್ರಗಳನ್ನು ಬರೆದನು. ಆ ಪುಸ್ತಕ ಜನಪ್ರಿಯವಾಯಿತು. ಅದನ್ನು ಕಂಡು ಗ್ರಿಮ್ ಸೋದರರು 1825ರಲ್ಲಿ ಐವತ್ತು ಕಥೆಗಳನ್ನು ಆಯ್ದು, ತಮ್ಮ ಕಿರಿಯ ಸೋದರ ಲುಡ್ವಿಗನ ಏಳು ಚಿತ್ರಗಳೊಡನೆ ಒಂದು ಚಿಕ್ಕ ಆವೃತ್ತಿಯನ್ನು ತಂದರು. ಪಂಡಿತರ ಪುಸ್ತಕ ಮಕ್ಕಳ ಕೈಸೇರಲು ಚಿತ್ರವೂ ನೆರವಾಯಿತು.

ಫ್ರಾನ್ಸಿನಲ್ಲಿ ಪೆರೋ ಎಂಬುವನ ಕಥೆಗಳು 1697ರಲ್ಲಿಯೇ ಅಚ್ಚಾಗಿದ್ದುವು. 1862ರಲ್ಲಿ ಗುಸ್ತಾವ್ ಡೋರೆ ಅವಕ್ಕೆ ಚಿತ್ರಗಳನ್ನು ಬರೆದನು. ಕುಶಲಕರ್ಮಿಗಳು ಅವನ್ನು ಮರದ ಅಚ್ಚಿನಲ್ಲಿ ಕೆತ್ತಿದರು. ಕೆಂಪು ಟೊಪ್ಪಿಗೆಯ ಹುಡುಗಿಯ ಕಥೆಯ ಒಂದು ಚಿತ್ರವನ್ನು ನೋಡಿ. ಅಜ್ಜಿಯ ಟೊಪ್ಪಿಗೆ ಧರಿಸಿದ ತೋಳ ಹಾಸಿಗೆಯಲ್ಲಿದೆ. ಪಕ್ಕದಲ್ಲಿರುವ ಹುಡುಗಿ ಹೊದಿಕೆಯನ್ನು ಹಿಡಿದು ಅದರತ್ತ ಓರೆಗಣ್ಣಿನಿಂದ ನೋಡುತ್ತಿದ್ದಾಳೆ. ಪೆರೋನ ಕಥೆಯಲ್ಲಿ ಅವಳನ್ನು ಬಿಡಿಸಲು ಯಾರೂ ಬರುವುದಿಲ್ಲ, ತೋಳ ನುಂಗಿಯೇಬಿಡುತ್ತದೆ. ಆದರೆ ಡೋರೆ ಅದನ್ನು ಬರೆಯಲಿಲ್ಲ. ಸಂದೇಹ ಮೂಡಿದ ಗಳಿಗೆಯಲ್ಲಿಯೇ ಕೈ ನಿಲ್ಲಿಸಿದನು. ಮುಂದಿನದು ನಡೆಯುವುದು ನೋಡುವವನ ಮನಸ್ಸಿನಲ್ಲಿ.

ಇಂಗ್ಲೆಂಡಿನ ಆರ್ಥರ್ ರ್‍ಯಾಕಮ್ (1867–1939) ಇದೇ ಗುಣವನ್ನು ಬೇರೊಂದು ರೀತಿಯಲ್ಲಿ ಸಾಧಿಸಿದನು. ಹಗಲು ವಿಮಾ ಕಚೇರಿಯಲ್ಲಿ ಗುಮಾಸ್ತನಾಗಿ ದುಡಿದು, ಸಂಜೆ ಕಲಾಶಾಲೆಯಲ್ಲಿ ಕಲಿತವನು ಅವನು. ಆ ವೇಳೆಗೆ ಹಳದಿ, ಕೆಂಪು, ನೀಲಿ ಅಚ್ಚುಗಳನ್ನು ಒಂದರ ಮೇಲೊಂದು ಒತ್ತಿ ವರ್ಣಚಿತ್ರ ಮುದ್ರಿಸುವ ವಿಧಾನ ಬಂದಿತ್ತು. ಅದಕ್ಕೆ ನುಣುಪಾದ ಕಾಗದವೇ ಬೇಕಾದುದರಿಂದ ಚಿತ್ರಗಳನ್ನು ಪ್ರತ್ಯೇಕವಾಗಿ ಅಚ್ಚುಹಾಕಿ ಪುಸ್ತಕದಲ್ಲಿ ಸೇರಿಸುತ್ತಿದ್ದರು. 1909ರ ಗ್ರಿಮ್ ಕಥೆಗಳ ಆವೃತ್ತಿಯಲ್ಲಿ ರ್‍ಯಾಕಮನ ಇಂತಹ 40 ವರ್ಣಚಿತ್ರಗಳಿವೆ. ಅವನು ಮೊದಲು ಮಸಿಯಿಂದ ಗೆರೆ ಎಳೆದು, ಅದರ ಮೇಲೆ ತೆಳುವಾದ ಬಣ್ಣಗಳನ್ನು ಪದರಪದರವಾಗಿ ಹಚ್ಚುತ್ತಿದ್ದನು. ಅವನ ಕಾಡಿನಲ್ಲಿ ಬೇರುಗಳು ಬೆರಳುಗಳಂತೆ ನೆಲವನ್ನು ಹಿಡಿದಿರುತ್ತವೆ. ಕಾಂಡದ ಗಂಟುಗಳಲ್ಲಿ ಮುಖ ಕಂಡಂತಾಗುತ್ತದೆ. ಅದು ಮರವೊ, ಮುದುಕನೊ? ತೀರ್ಮಾನ ನಮಗೇ ಬಿಟ್ಟದ್ದು. 1919ರ ‘ಸಿಂಡರೆಲ್ಲಾ’ ಪುಸ್ತಕದಲ್ಲಂತೂ ಬಹುಪಾಲು ಚಿತ್ರಗಳನ್ನು ಕಪ್ಪು ನೆರಳಿನಾಕೃತಿಗಳಾಗಿಯೇ ಬರೆದನು. ಕಣ್ಣು ಕಾಣದು, ಕಣ್ಣೀರು ಕಾಣದು. ಬಾಗಿದ ಬೆನ್ನೊಂದೇ ದುಃಖವನ್ನು ಹೇಳಬೇಕು. ಆ ಹುಡುಗಿಗೆ ಮುಖ ಕೊಡುವವನು ಓದುಗ.

ಆದುದರಿಂದ ಮೊದಲಿನ ಪ್ರಶ್ನೆಗೆ ಹೀಗೆ ಉತ್ತರಿಸಬಹುದು: ಎಲ್ಲವನ್ನೂ ತೋರಿಸಿ ಮುಗಿಸುವ ಚಿತ್ರ ಕಲ್ಪನೆಯನ್ನು ಕಟ್ಟಿಹಾಕುತ್ತದೆ, ಕೊಂಚ ಉಳಿಸಿಕೊಂಡ ಚಿತ್ರ ಅದನ್ನು ಕೆಲಸಕ್ಕೆ ಹಚ್ಚುತ್ತದೆ. ಕಟ್ಟುಬೀಳುವ ಭಯ ಸುಳ್ಳಲ್ಲ. ಆದರೆ ಅದು ಎಲ್ಲ ಚಿತ್ರಗಳಿಗೂ ಸಲ್ಲದು. ಇಂದು ತೆರೆಯ ಮೇಲಿನ ಚಿತ್ರಗಳು ಕ್ಷಣಕ್ಷಣಕ್ಕೂ ಓಡಿ, ಮುಂದೇನೆಂಬುದನ್ನು ತಾವೇ ತೋರಿಸಿಬಿಡುತ್ತವೆ. ಪುಸ್ತಕದ ಚಿತ್ರ ಓಡುವುದಿಲ್ಲ. ಮಗು ಸಾಕೆಂದು ಹಾಳೆ ತಿರುವುವವರೆಗೂ ಕಾಯುತ್ತದೆ. ಮಕ್ಕಳ ಪುಸ್ತಕವನ್ನು ಆರಿಸುವ ಹೊಣೆ ನಮ್ಮಲ್ಲಿ ಅನೇಕರಿಗೆ, ತಂದೆತಾಯಿಯರಾಗಿಯೊ ಉಪಾಧ್ಯಾಯರಾಗಿಯೊ, ಮುಂದೆ ಬರಲಿದೆ. ಆಗ ಬಣ್ಣದ ಹೊಳಪನ್ನು ಮಾತ್ರ ನೋಡದೆ, ಈ ಚಿತ್ರ ಮಗುವಿಗಾಗಿ ಏನನ್ನು ಉಳಿಸಿದೆ ಎಂದು ಕೇಳುವುದು ಲೇಸು.