ಮದುವೆ ಡಿವಿಡಿ: ಓಡುತ್ತಿರುವಾಗಲೇ ಇಳಿಸಿಕೊಳ್ಳಿ

ಹದಿನೈದು, ಇಪ್ಪತ್ತು ವರ್ಷದ ಹಿಂದೆ ಮದುವೆಯಾದ ಮಳವಳ್ಳಿ ಸೀಮೆಯ ಅನೇಕರ ಬೀರುವಿನಲ್ಲಿ ಆಲ್ಬಮ್ಮಿನ ಜೊತೆ ಒಂದು ಡಿವಿಡಿ ಇರುತ್ತದೆ. ಮಾರೇಹಳ್ಳಿ ನರಸಿಂಹಸ್ವಾಮಿ ಸನ್ನಿಧಿಯ ಧಾರೆ, ಈಗಿಲ್ಲದ ಅಜ್ಜಿಯ ಸೋಬಾನೆ ದನಿ ಅದರಲ್ಲಿ ಮಾತ್ರ ಉಳಿದಿರಬಹುದು. ಅದನ್ನು ತಡಮಾಡದೆ ಕಂಪ್ಯೂಟರಿಗೆ ಇಳಿಸಿಕೊಳ್ಳಿ.

ಅಂಗಡಿಯಲ್ಲಿ ಕೊಂಡ ಸಿನಿಮಾ ಡಿವಿಡಿಯಲ್ಲಿ ಮಾಹಿತಿ ಪ್ಲಾಸ್ಟಿಕ್ಕಿನಲ್ಲೇ ಸಣ್ಣ ಕುಳಿಗಳಾಗಿ ಅಚ್ಚಾಗಿರುತ್ತದೆ. ಸ್ಟುಡಿಯೊದವರು ಬರ್ನ್ ಮಾಡಿಕೊಟ್ಟ ತಟ್ಟೆ ಹಾಗಲ್ಲ. ಅದರೊಳಗೆ ರಾಸಾಯನಿಕ ಬಣ್ಣದ ತೆಳು ಪದರವಿದೆ. ಸುಮಾರು 650 ನ್ಯಾನೊಮೀಟರಿನ ಕೆಂಪು ಲೇಸರ್ ಸುರುಳಿ ಗೆರೆಯುದ್ದಕ್ಕೂ ಆ ಬಣ್ಣವನ್ನು ಅಲ್ಲಲ್ಲಿ ಸುಡುತ್ತದೆ. ಸುಟ್ಟ ಕಡೆ ಬೆಳಕು ಕಡಿಮೆ ಮರಳುತ್ತದೆ. ಪ್ಲೇಯರ್ ಓದುವುದು ಆ ವ್ಯತ್ಯಾಸವನ್ನೇ. ಬಿಸಿಲು, ಸೆಕೆ, ತೇವಕ್ಕೆ ಬಣ್ಣ ಕೆಟ್ಟಷ್ಟೂ ವ್ಯತ್ಯಾಸ ಅಳಿಯುತ್ತದೆ. ತಪ್ಪು ತಿದ್ದಿಕೊಳ್ಳಲೆಂದೇ ತಟ್ಟೆಯಲ್ಲಿ ಹೆಚ್ಚುವರಿ ಅಂಕಿಗಳಿರುವುದರಿಂದ ಈ ಸವೆತ ಬಹಳ ಕಾಲ ಕಣ್ಣಿಗೆ ಬೀಳುವುದಿಲ್ಲ. ಚೆನ್ನಾಗಿ ಓಡುತ್ತಿದ್ದ ವಿಡಿಯೊ ಒಂದು ದಿನ ಚೌಕಚೌಕವಾಗಿ ಒಡೆಯತೊಡಗುವುದು ಹೀಗೆ.

ಮೊದಲು ತಟ್ಟೆಯನ್ನು ಅಂಚು ಹಿಡಿದು ತೆಗೆದು, ಮೆತ್ತನೆಯ ಹತ್ತಿ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ಒರೆಸಿ. ಸುತ್ತಿ ಒರೆಸಬೇಡಿ: ಗೆರೆಯ ಗುಂಟ ಬಿದ್ದ ಗೀರು ಅಡ್ಡ ಗೀರಿಗಿಂತ ಹೆಚ್ಚು ಮಾಹಿತಿ ನುಂಗುತ್ತದೆ. ಟೂತ್‌ಪೇಸ್ಟ್ ಹಚ್ಚುವುದು ಬೇಡವೇ ಬೇಡ. ಅಂಟಿಸಿದ ಲೇಬಲ್ ಕೀಳಬೇಡಿ. ನಿಮ್ಮಲ್ಲಿರುವುದು ಡಿವಿಡಿಯಲ್ಲ, ವಿಸಿಡಿಯಾದರೆ ಮಾಹಿತಿ ಪದರ ಲೇಬಲ್ಲಿನ ಕೆಳಗೇ ಇದೆ, ಜೊತೆಗೇ ಕಿತ್ತು ಬರಬಹುದು.

ಈಗಿನ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಡ್ರೈವ್ ಇಲ್ಲ. ಯುಎಸ್‌ಬಿ ಡಿವಿಡಿ ಡ್ರೈವ್ ಕೊಳ್ಳಿ, ಇಲ್ಲವೇ ಹಳೆಯ ಕಂಪ್ಯೂಟರ್ ಉಳಿಸಿಕೊಂಡಿರುವ ಸ್ಟುಡಿಯೊ ಕೇಳಿ ನೋಡಿ. ತಟ್ಟೆ ತೆರೆದರೆ ‘ವಿಡಿಯೊ ಟಿಎಸ್’ ಎಂಬ ಫೋಲ್ಡರ್ ಕಾಣುತ್ತದೆ. ವಿಡಿಯೊ ಅದರಲ್ಲಿ ಸುಮಾರು ಒಂದೊಂದು ಜಿಬಿಯ ತುಂಡುಗಳಾಗಿರುತ್ತದೆ, ಹಾಗಾಗಿ ಇಡೀ ಫೋಲ್ಡರನ್ನೇ ನಕಲಿಸಿ. ಇಡೀ ತಟ್ಟೆಯನ್ನು ಒಂದೇ ಫೈಲಾಗಿಸುವ ಐಎಸ್ಒ ಪ್ರತಿ ತೆಗೆದರೆ ಇನ್ನೂ ಒಳ್ಳೆಯದು. ವಿಸಿಡಿಯಲ್ಲಾದರೆ ‘ಎಂಪೆಗ್ಎವಿ’ ಫೋಲ್ಡರಿನ ಡ್ಯಾಟ್ ಫೈಲು, ವಿಎಲ್‌ಸಿ ಪ್ಲೇಯರಿನಲ್ಲಿ ಓಡುತ್ತದೆ. ಮಧ್ಯೆ ನಿಂತರೆ ಬೇರೆ ಡ್ರೈವಿನಲ್ಲಿ ಹಾಕಿ ನೋಡಿ, ವೇಗ ತಗ್ಗಿಸಿ. ಅದಕ್ಕೂ ಜಗ್ಗದಿದ್ದರೆ ‘ಡಿಡಿರೆಸ್ಕ್ಯೂ’ ಎಂಬ ಉಚಿತ ತಂತ್ರಾಂಶವಿದೆ. ಅದು ಕೆಟ್ಟ ಜಾಗ ಬಿಟ್ಟು ಉಳಿದದ್ದನ್ನು ಮೊದಲು ಎತ್ತಿಕೊಂಡು, ಆಮೇಲೆ ಬಿಟ್ಟದ್ದಕ್ಕೆ ಮರಳುತ್ತದೆ.

ನಕಲಾದ ಮೇಲೆ ಕೊನೆಯ ಭಾಗವನ್ನು ತಪ್ಪದೆ ನೋಡಿ. ಡಿವಿಡಿ ತುಂಬುವುದು ಒಳಗಿನಿಂದ ಹೊರಕ್ಕೆ. ಹೆಣ್ಣು ಒಪ್ಪಿಸುವ ದೃಶ್ಯ ಬೆರಳು ತಾಗುವ ಅಂಚಿನ ಬಳಿ ಇರುತ್ತದೆ. ಮೊಬೈಲಿಗೆಂದು ‘ಹ್ಯಾಂಡ್‌ಬ್ರೇಕ್’ ತಂತ್ರಾಂಶದಲ್ಲಿ ಎಂಪಿ4 ಮಾಡಿಕೊಳ್ಳಿ, ಮೂಲ ನಕಲನ್ನು ಮಾತ್ರ ಅಳಿಸಬೇಡಿ. ಒಂದು ಪದರದ ತಟ್ಟೆ ಹಿಡಿಯುವುದೇ 4.7 ಜಿಬಿ, ಅದಕ್ಕಾಗಿ ಚಿತ್ರವನ್ನು ಆಗಲೇ ಕುಗ್ಗಿಸಿದ್ದಾರೆ, ಮತ್ತೆ ಕುಗ್ಗಿಸಿದಷ್ಟೂ ಮುಖಗಳು ಮಸುಕಾಗುತ್ತವೆ. ಒಂದು ಪ್ರತಿ ನಿಮ್ಮಲ್ಲಿರಲಿ, ಇನ್ನೊಂದು ತವರುಮನೆಯಲ್ಲಿ.

ಕ್ಯಾಮೆರಾದಲ್ಲೇ ರೆಕಾರ್ಡ್ ಮಾಡಿದ ಪುಟ್ಟ ಡಿವಿಡಿಗಳಿದ್ದರೆ ಜೋಪಾನ. ಫೈನಲೈಸ್ ಮಾಡದವು, ಅಂದರೆ ರೆಕಾರ್ಡಿಂಗ್ ಮುಗಿಸಿ ಮುಚ್ಚದವು, ಕಂಪ್ಯೂಟರಿಗೆ ಖಾಲಿಯಂತೆ ಕಾಣುತ್ತವೆ. ಫಾರ್ಮ್ಯಾಟ್ ಮಾಡಲೇ ಎಂದು ಕೇಳಿದರೆ ಬೇಡ ಎನ್ನಿ, ಆ ಕ್ಯಾಮೆರಾ ಇನ್ನೂ ಇದ್ದರೆ ಅದರಲ್ಲೇ ಫೈನಲೈಸ್ ಮಾಡಿ ತನ್ನಿ.