ಲೂಪಿನೊಳಗೆ ಅಸರ್ಷನ್ ಬರೆಯುವವರಿಗೆ ಕಿವಿಮಾತು

ವಾಮಂಜೂರಿನ ಸೇಂಟ್ ಜೋಸೆಫ್ ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿ, ಬೆಂಗಳೂರಿನಲ್ಲಿ ವೆರಿಫಿಕೇಶನ್ ಕೆಲಸ ಹುಡುಕುತ್ತಿರುವ ಮಕ್ಕಳೇ, ಸಿ ಭಾಷೆಯ ಲೂಪಿನ ಅಭ್ಯಾಸವನ್ನು ಇಲ್ಲಿ ಸ್ವಲ್ಪ ಬದಿಗಿಡಿ.

• ವಿಎಚ್‌ಡಿಎಲ್ ಪ್ರೋಸೆಸ್ಸಿನ ಒಳಗಿನ, ವೇಟ್ ಇಲ್ಲದ ಲೂಪಿಗೆ ಸಿಮ್ಯುಲೇಶನ್ ಸಮಯವೇ ಹಿಡಿಯುವುದಿಲ್ಲ. ಸಿಗ್ನಲ್‌ಗೆ ಬೆಲೆ ಕೊಟ್ಟು ಮುಂದಿನ ಸಾಲಿನಲ್ಲೇ ಅಸರ್ಟ್ ಹಾಕಿದರೆ ಅದು ನೋಡುವುದು ಹಳೆಯ ಬೆಲೆಯನ್ನು. ನಡುವೆ ಒಂದು ವೇಟ್ ಬೇಕೇ ಬೇಕು.

• ಸಿಸ್ಟಮ್‌ವೆರಿಲಾಗ್‌ನಲ್ಲಿ ಆಲ್ವೇಸ್ ಬ್ಲಾಕಿನ ಲೂಪಿನೊಳಗೆ ಕನ್‌ಕರೆಂಟ್ ಅಸರ್ಷನ್ ಬರೆಯುವುದಾದರೆ, ಲೂಪಿನ ಐ ಎಂಬ ವೇರಿಯಬಲ್ಲನ್ನು ಫಾರ್‌ನ ಕಂಸದೊಳಗೇ ಘೋಷಿಸಿ. ಆಗ ಅದು ಆಟೋಮ್ಯಾಟಿಕ್. ಪ್ರತಿ ಸುತ್ತಿನ ಬೆಲೆ ಆಯಾ ಅಸರ್ಷನ್ನಿಗೆ ಅಂಟಿಕೊಳ್ಳುತ್ತದೆ. ಹೊರಗೆ ಘೋಷಿಸಿದಿರೋ, ಸಿಗುವುದು ಕ್ಲಾಕ್ ಅಂಚಿಗೆ ಮೊದಲಿದ್ದ ಬೆಲೆ. ಸೊನ್ನೆಯಿಂದ ಏಳರವರೆಗಿನ 8 ರಿಕ್ವೆಸ್ಟ್ ಲೈನ್‌ಗಳಿದ್ದರೆ ಲೂಪ್ ಮುಗಿದಾಗ ಐ 8 ಆಗಿರುವುದರಿಂದ, ಎರಡನೇ ಕ್ಲಾಕಿನಿಂದ ಎಂಟೂ ಅಸರ್ಷನ್‌ಗಳು ನೋಡುವುದು ಅಸ್ತಿತ್ವದಲ್ಲೇ ಇಲ್ಲದ ಲೈನ್ 8 ಅನ್ನು. ಅಲ್ಲಿರುವುದು ಎಕ್ಸ್. 'ರಿಕ್ವೆಸ್ಟ್ ಬಂದರೆ ಗ್ರಾಂಟ್ ಬರಬೇಕು' ಎಂಬ ನಿಯಮದಲ್ಲಿ ರಿಕ್ವೆಸ್ಟೇ ಬಂದಂತಾಗಲಿಲ್ಲ, ಹಾಗಾಗಿ ಎಲ್ಲವೂ ಪಾಸ್! ಲಾಗ್‌ನ ಕೆಂಪು ಎರರ್ ಸಾಲಿಗಿಂತ ಇಂಥ ಪಾಸ್‌ಗೇ ಹೆಚ್ಚು ಹೆದರಬೇಕು ಮಾರಾಯ್ರೇ.

• ಐಯನ್ನು ಹೊರಗೆ ಘೋಷಿಸಲೇಬೇಕಾದರೆ ಕಾನ್ಸ್ಟ್ ಕಾಸ್ಟ್ ಬಳಸಿ. ಈ ಸೌಲಭ್ಯ ಬಂದದ್ದು ಸಿಸ್ಟಮ್‌ವೆರಿಲಾಗ್‌ನ ಮಾನಕವಾದ ಐಟ್ರಿಪಲ್‌ಇ 1800ರ 2009ರ ಆವೃತ್ತಿಯಲ್ಲಿ. ನಿಮ್ಮ ಸಿಮ್ಯುಲೇಟರಿನಲ್ಲಿ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ.

• ಲೂಪಿನ ಮಿತಿ ಪ್ಯಾರಾಮೀಟರ್ ಆಗಿದ್ದರೆ ನನ್ನ ಆಯ್ಕೆ ಜೆನರೇಟ್ ಫಾರ್. ಅಸರ್ಷನ್ನಿನ ಪ್ರತಿಯೊಂದು ನಕಲಿಗೂ ಬೇರೆ ಹೆಸರು, ಬೇರೆ ಲೆಕ್ಕ. ಬ್ಲಾಕಿಗೆ ಹೆಸರಿಡಲು ಸೋಮಾರಿತನ ಮಾಡಬೇಡಿ.

• ಆಲ್ವೇಸ್ ಕಾಂಬ್‌ನ ಲೂಪಿನಲ್ಲಿ ಸಾದಾ ಇಮಿಡಿಯೇಟ್ ಅಸರ್ಟ್ ಹಾಕಿದರೆ ಗ್ಲಿಚ್‌ಗೂ ಕೂಗುತ್ತದೆ. ಅದೇ ಮಾನಕದ 2012ರ ಆವೃತ್ತಿಯಲ್ಲಿ ಬಂದ ಅಸರ್ಟ್ ಫೈನಲ್ ಬಳಸಿ.

• ಎರರ್ ಸಂದೇಶದಲ್ಲಿ ಐ ಎಷ್ಟು ಎಂದು ಬರೆಯಿರಿ. ಬರೀ 'ತಪ್ಪಾಗಿದೆ' ಎಂಬ ಲಾಗ್ ರಾತ್ರಿ ಹನ್ನೊಂದಕ್ಕೆ ಯಾರಿಗೂ ಬೇಡ.

• ರೀಸೆಟ್ ಹೊತ್ತಿನಲ್ಲಿ ಕನ್‌ಕರೆಂಟ್ ಅಸರ್ಷನ್ ಸುಮ್ಮನಿರಲು ಡಿಸೇಬಲ್ ಇಫ್ (disable iff) ಹಾಕಿ.

• ಒಂದು ಸುತ್ತೂ ಓಡದ ಲೂಪಿನೊಳಗಿನ ಅಸರ್ಷನ್ ಎಂದಿಗೂ ಸೋಲುವುದಿಲ್ಲ. ಆದ್ದರಿಂದ ಪ್ರತಿ ಅಸರ್ಷನ್ನಿನ ಜೊತೆಗೆ ಕವರ್ ಪ್ರಾಪರ್ಟಿಯೊಂದನ್ನು ಬರೆದು, ರಿಕ್ವೆಸ್ಟ್ ನಿಜವಾಗಿ ಬಂತೇ ಎಂದು ಎಣಿಸಿ. ಜೊತೆಗೆ ಡಿಸೈನ್‌ನಲ್ಲಿ ಬೇಕೆಂದೇ ಒಂದು ತಪ್ಪು ಮಾಡಿ, ಲೈನ್ 0, ಲೈನ್ 7 ಎರಡರಲ್ಲೂ ಅಸರ್ಷನ್ ಕೂಗುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಕೋಡನ್ನು ರಿವ್ಯೂಗೆ ಕಳಿಸಿ.