‘ಕಮಿಂಗ್ ಸೂನ್’ ಪುಟ ಯಾಕೆ ಬೇಡ?

ಕ್ಲಬ್ಬಿಗೋ ಫೆಸ್ಟಿಗೋ ವೆಬ್‌ಸೈಟ್ ಮಾಡುವಾಗ ನಾವು ಮೊದಲು ಮೆನು ತುಂಬಿಸ್ತೇವೆ: ಗ್ಯಾಲರಿ, ಲೇಖನಗಳು, ಸಂಪರ್ಕ. ಒಳಗೆ ಹೋದರೆ ‘ಕಮಿಂಗ್ ಸೂನ್’, ಅಷ್ಟೇ. ಇದರಿಂದ ಏನು ತೊಂದರೆ?

ಒಂದು, ಎರಡು ಖಾಲಿ ಪುಟ ಕಂಡವರು ಮೂರನೆಯದನ್ನು ತೆರೆಯುವುದೇ ಇಲ್ಲ, ಅಲ್ಲಿ ನಿಜಕ್ಕೂ ವಿಷಯ ಇದ್ದರೂ. ಎರಡು, ಪುಟ ಖಾಲಿ ಇದ್ದರೂ ಸರ್ವರ್ ‘200 ಓಕೆ’ ಅಂತಲೇ ಉತ್ತರ ಕೊಡುತ್ತದೆ. ಗೂಗಲ್ ಇಂಥವನ್ನು ‘ಸಾಫ್ಟ್ 404’ ಅಂತ ಗುರುತಿಸಿ ಹುಡುಕಾಟದಿಂದ ಹೊರಗಿಡುತ್ತದೆ.

ಒಳ್ಳೆಯ ಉದಾಹರಣೆ ನಮ್ಮೂರಿನ ತುಳುವಿನಲ್ಲೇ ಇದೆ. ತುಳು ವಿಕಿಪೀಡಿಯ 2016ರ ಆಗಸ್ಟ್‌ನಲ್ಲಿ ಶುರುವಾಯಿತು. ಅದಕ್ಕೂ ಮೊದಲು ಸುಮಾರು ಎಂಟು ವರ್ಷ ‘ಇನ್‌ಕ್ಯುಬೇಟರ್’ ಎಂಬ ತಯಾರಿಯ ತಾಣದಲ್ಲಿತ್ತು. ಸಾಕಷ್ಟು ಲೇಖನಗಳಾಗಿ, ಬರೆಯುವವರು ಇದ್ದಾರೆ ಅಂತ ಖಾತ್ರಿಯಾದ ಮೇಲೆಯೇ ಸ್ವಂತ ವಿಳಾಸ ಸಿಕ್ಕಿತು. ವಿಕಿಪೀಡಿಯದಲ್ಲಿ ಇನ್ನೂ ಬರೆಯದ ಪುಟದ ಕೊಂಡಿ ಕೆಂಪಗಿರುತ್ತದೆ. ಒಳಗೆ ಏನಿಲ್ಲ ಅಂತ ಕ್ಲಿಕ್ ಮಾಡುವ ಮೊದಲೇ ಗೊತ್ತಾಗುತ್ತದೆ.

ಕನ್ನಡ, ತುಳುವಿನಲ್ಲಿ ಹುಡುಕುವವರಿಗೆ ಸಿಗುವ ಪುಟಗಳೇ ಕಡಿಮೆ. ಅದೂ ಖಾಲಿ ಇದ್ದರೆ ಮುಂದಿನ ಸಲ ಅವರು ಇಂಗ್ಲಿಷಿನಲ್ಲೇ ಹುಡುಕ್ತಾರೆ.

ಹಾಗಾದರೆ ಏನು ಮಾಡೋದು? ಬರೆದು ಮುಗಿಯದ ಪುಟ ಡ್ರಾಫ್ಟ್‌ನಲ್ಲೇ ಇರಲಿ, ಮೆನುವಿಗೆ ಸೇರಿಸಬೇಡಿ. ಇಲ್ಲದ ಪುಟಕ್ಕೆ ಸರ್ವರ್ ನೇರವಾಗಿ 404 ಅನ್ನಲಿ. ಫೆಸ್ಟಿನ ಪುಟ ಈಗಲೇ ಬೇಕು ಅಂತಾದರೆ ದಿನಾಂಕ, ಜಾಗ, ಯಾರನ್ನು ಕೇಳಬೇಕು, ಇಷ್ಟಾದರೂ ಬರೆಯಿರಿ. ಮೂರೇ ಪುಟದ ಸೈಟ್ ಆದರೂ ಸಾಕು ಮಾರಾಯ್ರೆ, ಮೂರರಲ್ಲೂ ಓದಲಿಕ್ಕೆ ಏನಾದರೂ ಇರಲಿ.